ಅಳತೆಗೆ ಸಿಕ್ಕ ಸದ್ದು

ಥಾರ್ನ್‌ಬಿ ಮಾಸ್, ಲ್ಯಾಂಕಶೈರ್
3 ಜೂನ್ 2014

ಪ್ರಿಯ ಜೆರ್ರಿ,

ಹೋದ ಸಲ ಫೋನಿನಲ್ಲಿ ಅರ್ಧ ಗಂಟೆ ಕೂಗಿ ನನ್ನ ಗಂಟಲು ಕಟ್ಟಿತು. ನಿನ್ನ ಕಿವುಡು ಕಿವಿಗೆ ಬಿದ್ದದ್ದು ನನ್ನ ಹೆಸರೊಂದೇ. ಹಾಗಾಗಿ ಈ ಕಾಗದ.

ನಿನ್ನೆ ಬೆಳಿಗ್ಗೆ ಹಾಲು ಕರೆದು ಬರುವಾಗ ನಮ್ಮ ಗೇಟಿನ ಕಂಬಕ್ಕೆ ಯಾರೋ ಹಳದಿ ನೋಟಿಸು ಕಟ್ಟಿ ಹೋಗಿದ್ದರು. ಕಟ್ಟಿದವರಿಗೆ ಮನೆಯ ಬಾಗಿಲು ತಟ್ಟುವ ಧೈರ್ಯ ಇರಲಿಲ್ಲ. ಪಕ್ಕದ ರಿಗ್ಬಿಯ ಹೊಲದಲ್ಲಿ ನೆದರ್‌ಗಿಲ್ ಗ್ಯಾಸ್ ಎನ್ನುವ ಕಂಪನಿ ನಾಲ್ಕು ಬಾವಿ ಕೊರೆಯುತ್ತದಂತೆ. ಎರಡು ಮೈಲಿ ಕೆಳಗಿರುವ ಕಲ್ಲನ್ನು ನೀರು ಮರಳು ನುಗ್ಗಿಸಿ ಒಡೆದು ಗ್ಯಾಸ್ ತೆಗೆಯುತ್ತಾರಂತೆ. ಕೊರೆಯುವ ಗೋಪುರ ನೂರಾ ಎಪ್ಪತ್ತು ಅಡಿ. ಹದಿನಾಲ್ಕು ತಿಂಗಳು, ಹಗಲೂ ರಾತ್ರಿ, ಭಾನುವಾರವೂ ಸೇರಿ. ಆಸ್ಟಿನ್ ಹೆಜ್ಜೆ ಹಾಕಿ ಅಳೆದು ಬಂದ. ನಾನೂ ಅವನೂ ಮಲಗುವ ಕೋಣೆಯ ಕಿಟಕಿಯಿಂದ ಮುನ್ನೂರ ಹತ್ತು ಗಜ.

ಆಸ್ಟಿನ್ ಒಳಗೆ ಬಂದವನೇ, "ರಿಗ್ಬಿಗೆ ಇಪ್ಪತ್ತು ವರ್ಷದಿಂದ ನನ್ನ ಏಣಿ ಕೊಡ್ತಾ ಇದೀನಿ, ಒಂದು ಮಾತು ಹೇಳ್ಬಾರ್ದಿತ್ತಾ ಬಡ್ಡೀಮಗ" ಅಂದ. ಆಮೇಲೆ ಹೋಗಿ ಏಣಿ ವಾಪಸು ತಂದ. ಅವನ ಸಿಟ್ಟು ಅಲ್ಲಿಗೇ ಮುಗಿಯಿತು. ನನ್ನದು ಮುಗಿದಿಲ್ಲ. ನಾವು ನಾಲ್ಕು ಗಂಟೆಗೆ ಏಳುವವರು, ಜೆರ್ರಿ. ಅರವತ್ತು ಹಸುಗಳು. ರಾತ್ರಿ ನಿದ್ದೆ ಇಲ್ಲದೆ ಹದಿನಾಲ್ಕು ತಿಂಗಳು ಈ ಕೆಲಸ ಮಾಡಲು ಆಗುವುದಿಲ್ಲ. ಹಸು ಮಾರಿ ಮನೆ ಬಿಡಬೇಕು, ಅಷ್ಟೇ.

ಶುಕ್ರವಾರ ಊರ ಸಭಾಭವನದಲ್ಲಿ ಸಭೆ. ನೋರೀನ್ ಬ್ಯಾಂಬರ್ ಕರೆದಿದ್ದಾಳೆ. ನಮ್ಮ ಸ್ಕೂಲಿನಲ್ಲಿ ಹೆಡ್ ಮಿಸ್ ಆಗಿದ್ದಳಲ್ಲ, ಅವಳೇ. ರಿಟೈರಾದರೂ ಸೀಟಿ ಬಿಟ್ಟಿಲ್ಲ.

ನೀನು ಮೂವತ್ತು ವರ್ಷ ಎಣ್ಣೆ ಬಾವಿಗಳ ಮೇಲೆ ಸದ್ದು ಅಳೆದವನು. ಇದನ್ನು ಹೇಗೆ ನಿಲ್ಲಿಸುವುದು ಹೇಳು.

ಪ್ರೀತಿಯಿಂದ,
ಹೆಸ್ಟರ್


ಅಬರ್ಡೀನ್
14 ಜೂನ್ 2014

ಪ್ರಿಯ ಹೆಸ್ಟರ್,

ನಿನ್ನ ಕಾಗದವನ್ನು ಬಂದರಿನ ಬೆಂಚಿನ ಮೇಲೆ ಕುಳಿತು ಓದಿದೆ. ಇಲ್ಲಿನ ಕಡಲಹಕ್ಕಿಗಳು ಈಗ ನನ್ನ ಪಾಲಿಗೆ ಬಾಯಿ ತೆರೆದು ಮುಚ್ಚುವ ಪ್ರಾಣಿಗಳು. ಮೊದಲ ವರ್ಷ ಅದು ದುಃಖ ಎನಿಸಿತ್ತು. ಈಗ ಏನೂ ಅನಿಸುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಒಪ್ಪಿಗೆ ಕೊಡುವ ಕೌಂಟಿಯ, ಅಂದರೆ ಜಿಲ್ಲೆಯ, ಪ್ಲಾನಿಂಗ್ ಸಮಿತಿ ನಿಮ್ಮ ಭಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕುಡಿಯುವ ನೀರು, ಭೂಕಂಪ, ಇವನ್ನು ನೋಡಲು ಬೇರೆ ಇಲಾಖೆಗಳಿವೆ ಎಂದು ಬದಿಗಿಡುತ್ತಾರೆ. ಸರಕಾರವನ್ನು ಬೈದರೆ ಅದನ್ನೂ ಬದಿಗಿಡುತ್ತಾರೆ. ಅವರು ನೋಡುವುದು ರಸ್ತೆಯಲ್ಲಿ ಎಷ್ಟು ಲಾರಿ, ದೂರದಿಂದ ಹೇಗೆ ಕಾಣುತ್ತದೆ, ಎಷ್ಟು ಸದ್ದು. ಲಾರಿಗೆ ಬೇರೆ ದಾರಿ ಹುಡುಕುತ್ತಾರೆ. ನೋಟಕ್ಕೆ ನಾಲ್ಕು ಮರ ನೆಡುತ್ತೇವೆ ಅನ್ನುತ್ತಾರೆ. ಉಳಿಯುವುದು ಸದ್ದು. ಎಲ್ಲವೂ ಸದ್ದಿನ ಮೇಲೆಯೇ ನಿಲ್ಲುತ್ತದೆ. ನಿನ್ನ ಮನೆ ಹತ್ತಿರದ್ದಾದ್ದರಿಂದ ನಿನ್ನ ತೋಟದಲ್ಲಿ ಒಂದು ಅಳತೆ ಪೆಟ್ಟಿಗೆ ಇಡುತ್ತಾರೆ. ಇಡಲು ಬಿಡು.

ಇದರ ಮೇಲೆ ಹೆಚ್ಚು ಬರೆಯಲಾರೆ. ನಾನೀಗಲೂ ಇಲ್ಲಿನ ಒಂದು ಕಚೇರಿಗೆ ವಾರಕ್ಕೆರಡು ದಿನ ಹೋಗುತ್ತೇನೆ, ನಿನಗೆ ಗೊತ್ತು.

ನಿಮ್ಮ ಸಭೆಗಳಲ್ಲಿ ಜನ ಹೇಳುವುದನ್ನೆಲ್ಲ ನಂಬಬೇಡ. ಕೋಪದಲ್ಲಿರುವವರು ಲೆಕ್ಕ ತಪ್ಪುತ್ತಾರೆ.

ನಿನ್ನ,
ಜೆರಾರ್ಡ್


ಥಾರ್ನ್‌ಬಿ ಮಾಸ್
9 ಜುಲೈ 2014

ಪ್ರಿಯ ಜೆರ್ರಿ,

ನಿನ್ನ ಕಾಗದ ಓದಿ ಆಸ್ಟಿನ್, "ನಿಮ್ಮಣ್ಣ ಊರಿಗೆ ಬೆಂಕಿ ಬಿದ್ರೂ ಮೊದ್ಲು ಥರ್ಮಾಮೀಟರ್ ಹುಡುಕ್ತಾನೆ" ಅಂದ. ನಾನು ನಗಲಿಲ್ಲ ಎಂದು ತಿಳಿದುಕೋ.

ನೋರೀನ್ ಆಕ್ಷೇಪಣೆ ಕಾಗದ ಬರೆದಳು. ಚೆನ್ನಾಗಿಯೇ ಇತ್ತು, ಕಾಗುಣಿತ ಸಮೇತ. ಅದನ್ನೇ ನಾನೂರ ಹನ್ನೆರಡು ಪ್ರತಿ ತೆಗೆಸಿ, ತಿನ್ನಲು ಆಲೂಗಡ್ಡೆಯ ಬೆಣ್ಣೆ ಪೈ ಕೊಟ್ಟು, ಊರೂರಿನಲ್ಲಿ ಸಹಿ ಹಾಕಿಸಿದಳು. ನಾವಿಬ್ಬರೂ ಕಾರಿನಲ್ಲಿ ತುಂಬಿಕೊಂಡು ಕೌಂಟಿ ಕಚೇರಿಗೆ ಒಯ್ದೆವು. ಕೌಂಟರಿನ ಹುಡುಗಿ ಎರಡು ಹಾಳೆ ನೋಡಿ, "ಎಲ್ಲಾ ಒಂದೇನಾ ಮೇಡಂ?" ಅಂದಳು.

"ಒಂದೇ. ಊರೆಲ್ಲಾ ಒಂದೇ ಮಾತು ಹೇಳ್ತಿದೆ," ಅಂದಳು ನೋರೀನ್ ಎದೆ ಸೆಟೆಸಿ.

"ಹಾಗಾದ್ರೆ ಒಂದೇ ಆಕ್ಷೇಪಣೆ ಅಂತ ಬರ್ಕೋತೀವಿ ಮೇಡಂ. ಅಕ್ಷರ ಅಕ್ಷರ ಒಂದೇ ಇದ್ರೆ ಒಂದೇ ವಾದ ಅಂತ ಲೆಕ್ಕ."

ನೋರೀನ್ ಆ ಹುಡುಗಿಗೆ ಹೇಳಿದ್ದನ್ನು ಕಾಗದದಲ್ಲಿ ಬರೆಯಲಾರೆ. ವಾಪಸು ಬರುವಾಗ ಉಳಿದ ಪೈಗಳನ್ನೆಲ್ಲ ಅವಳೇ ತಿಂದಳು.

ನೀನು ಹೇಳಿದ ಪೆಟ್ಟಿಗೆ ಬಂತು. ಹಣ್ಣಿನ ಮರಗಳ ನಡುವೆ ಮೂರು ಕಾಲಿನ ಮೇಲೆ ನಿಲ್ಲಿಸಿ, ತುದಿಗೆ ಬೂದು ಸ್ಪಂಜಿನ ಉಂಡೆ ಸಿಕ್ಕಿಸಿ ಹೋದರು. ಐದು ದಿನ, ಐದು ರಾತ್ರಿ. ಇಡಲು ಬಂದವನು ಬರ್ನ್‌ಲಿ ಕಡೆಯವನು, ಟೀ ಕೊಟ್ಟರೆ ಮೂರು ಚಮಚ ಸಕ್ಕರೆ ಕೇಳಿದ. "ನೀವು ಮಾಮೂಲಿ ಇರೋ ಹಾಗೆ ಇರಿ ಆಂಟಿ" ಅಂದ. ಮಾಮೂಲಿ! ಕೊರಳಿಗೆ ಹಗ್ಗ ಹಾಕಲು ಬಂದವನು ಅಳತೆ ಕೊಡಲು ನೆಟ್ಟಗೆ ನಿಲ್ಲಿ ಅಂದ ಹಾಗೆ.

ಊರು ಸುಮ್ಮನಿರಲಿಲ್ಲ. ಸಂಜೆಯಾದರೆ ನೋರೀನ್ ಸೀಟಿ ಹಿಡಿದು ಬಂದಳು. ಹಿಂದೆ ಇಪ್ಪತ್ತು ಜನ, ಬಾಣಲೆ, ಸೌಟು, ಒಬ್ಬ ತುತ್ತೂರಿ. ಬೇಲಿಯಾಚೆ ನಿಂತು ಪೆಟ್ಟಿಗೆಯ ಕಡೆ ಬಾರಿಸಿದರು. "ಕೇಳಿಸ್ಕೋ! ಬರ್ಕೋ!" ಎಂದು ಕೂಗಿದರು. ಅವರು ಮನೆಗೆ ಹೋದ ಮೇಲೆ ನಾನೂ ನನ್ನ ಪಾಲಿನದು ಮಾಡಿದೆ. ಎಲ್ಲವೂ ಸದ್ದಿನ ಮೇಲೆ ನಿಲ್ಲುತ್ತದೆ ಎಂದು ನೀನೇ ಬರೆದಿದ್ದೆ. ಅವರ ಪೆಟ್ಟಿಗೆ ತುಂಬಿ ತುಳುಕುವಷ್ಟು ಕೊಟ್ಟು ಕಳಿಸಿದ್ದೇವೆ.

ಇಷ್ಟು ದಿನದಲ್ಲಿ ಮೊದಲ ಸಲ ಖುಷಿಯಾಗಿದೆ.

ಪ್ರೀತಿಯಿಂದ,
ಹೆಸ್ಟರ್


ಅಬರ್ಡೀನ್
30 ಆಗಸ್ಟ್ 2014

ಪ್ರಿಯ ಹೆಸ್ಟರ್,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಇಲ್ಲಿ ಬೇಸಿಗೆ ಎರಡು ವಾರ ಇದ್ದು ಹೋಯಿತು. ಕೆಳಗಿನ ಮನೆಯವರು ಗೋಡೆಗೆ ಬಣ್ಣ ಹಚ್ಚಿಸುತ್ತಿದ್ದಾರೆ, ವಾಸನೆ ಮೆಟ್ಟಿಲ ತುಂಬ. ಕಚೇರಿಯಲ್ಲಿ ಕೆಲಸ ಜಾಸ್ತಿ. ಅಂಕಿಗಳನ್ನು ನೋಡಿ ನೋಡಿ ಸಂಜೆಯ ಹೊತ್ತಿಗೆ ಗೋಡೆಯ ಮೇಲೂ ಅಂಕಿಗಳೇ.

ಒಂದು ಕೇಳಬೇಕಿತ್ತು. ಅಪ್ಪನ ಹಳೆಯ ಕೆಂಪು ಟ್ರ್ಯಾಕ್ಟರ್, ಮೂರು ಸಿಲಿಂಡರಿನದು, ಇನ್ನೂ ಓಡುತ್ತದೆಯೆ?

ಆಸ್ಟಿನ್ ಮಂಡಿ ಹೇಗಿದೆ?

ನಿನ್ನ,
ಜೆರಾರ್ಡ್


ಥಾರ್ನ್‌ಬಿ ಮಾಸ್
6 ಸೆಪ್ಟೆಂಬರ್ 2014

ಜೆರ್ರಿ,

ಓಡುತ್ತದೆ. ಯಾಕೆ? ಮಾರುವುದಕ್ಕಿಲ್ಲ.

ನಾನು ಎರಡು ಹಾಳೆ ಬರೆದರೆ ನೀನು ಗೋಡೆಯ ಬಣ್ಣದ ಬಗ್ಗೆ ಬರೆಯುತ್ತೀಯ. ನಿನ್ನನ್ನು ಬೆಳೆಸಿದ ಮನೆ ಇದು. ನೀನು ಹುಟ್ಟಿದ ಕೋಣೆಯ ಕಿಟಕಿಗೇ ಆ ಗೋಪುರದ ದೀಪ ಬೀಳುವುದು. ನಿನಗೆ ಸಿಟ್ಟು ಬರುವುದೇ ಇಲ್ಲವೆ? ಇಲ್ಲವಾದರೆ ಇಲ್ಲ ಅಂತಾದರೂ ಬರೆ. ಸಿಟ್ಟು ಬರದವರ ಜೊತೆ ಕಾಗದ ಬರೆದು ಸ್ಟಾಂಪು ಹಾಳು ಮಾಡುವುದಿಲ್ಲ.

ಮಂಡಿ ಹಾಗೇ ಇದೆ.

ಹೆಸ್ಟರ್


ಥಾರ್ನ್‌ಬಿ ಮಾಸ್
11 ಜನವರಿ 2015

ಜೆರಾರ್ಡ್,

ಕೌಂಟಿಯ ಅಧಿಕಾರಿಗಳ ವರದಿ ಬಂತು. ಒಪ್ಪಿಗೆ ಕೊಡಬಹುದು ಅಂತ. ಇಪ್ಪತ್ತೆಂಟಕ್ಕೆ ಸಮಿತಿಯ ಸಭೆ.

ಯಾಕೆ ಅಂತ ಕೇಳು. ನಮ್ಮ ಮನೆಗೆ ಅವರಿಟ್ಟ ಹೆಸರು 'ಮೂರನೆಯ ಅಳತೆ ಜಾಗ'. ಮೂರನೆಯ ಅಳತೆ ಜಾಗದಲ್ಲಿ ರಾತ್ರಿ ಈಗಾಗಲೇ ಇರುವ ಸದ್ದು ನಲವತ್ತೊಂದು ಡೆಸಿಬೆಲ್ಲಂತೆ. ಗೋಪುರದಿಂದ ನಮ್ಮ ಕಿಟಕಿಗೆ ಬರುವುದು ನಲವತ್ತೆರಡಂತೆ. ಒಂದೇ ಒಂದು ಹೆಚ್ಚು, 'ನಿವಾಸಿಗಳ ಗಮನಕ್ಕೂ ಬರಲಾರದು'.

ಇದನ್ನು ನೋರೀನ್ ಜೋರಾಗಿ ಓದಿದಾಗ ಸಭಾಭವನದಲ್ಲಿ ಯಾರಿಗೂ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಮುಂದೆ ಓದಿದೆ. ಕೊನೆಯ ಪುಟಗಳನ್ನು ಓದುವವರು ಯಾರೂ ಇಲ್ಲ, ನಾನು ಓದಿದೆ. 'ಕೌಂಟಿಯ ಪರವಾಗಿ ಸ್ವತಂತ್ರ ಪರಿಶೀಲನೆ: ಜಿ. ಕಾರ್ಡ್‌ವೆಲ್, ಅಬರ್ಡೀನ್. ಮೂರನೆಯ ಜಾಗದ ರಾತ್ರಿಯ ಸದ್ದು ಕೃಷಿ ಪ್ರದೇಶಕ್ಕೆ ಸಹಜವಾದದ್ದು. ಆಕ್ಷೇಪವಿಲ್ಲ.'

ಆಕ್ಷೇಪವಿಲ್ಲ!

ಏಳು ತಿಂಗಳು ನಾನು ನಿನಗೆ ಬರೆದೆ. ನೀನು ಎಲ್ಲವನ್ನೂ ಓದಿದೆ. ಮಂಡಿ ಹೇಗಿದೆ ಅಂತ ಕೇಳಿದೆ. ಇದಕ್ಕೆ ಸಹಿ ಹಾಕಿದೆ.

ಹೇಳು, ನಮ್ಮ ಮನೆ ಅಂತ ಗೊತ್ತಿತ್ತೋ ಇಲ್ಲವೋ? ಒಂದು ಪದದಲ್ಲಿ ಹೇಳು. ಬೆಂಚು ಹಕ್ಕಿ ಬೇಡ.

ಹೆಸ್ಟರ್


ಅಬರ್ಡೀನ್
17 ಜನವರಿ 2015

ಹೆಸ್ಟರ್,

ಗೊತ್ತಿತ್ತು.

ಈಗ ನೀನು ಕೇಳು. ರಾತ್ರಿಯಿಡೀ ಟ್ರ್ಯಾಕ್ಟರಿನ ಎಂಜಿನ್ ಚಾಲೂ ಇಟ್ಟವಳು ನೀನು. ನಾನಲ್ಲ, ಕಂಪನಿಯವರಲ್ಲ. ನಿನ್ನ ನೋರೀನಳ ಬಾಣಲೆಗಳಿಂದ ಏನೂ ಆಗಲಿಲ್ಲ. ಅವು ಚಿತ್ರದಲ್ಲಿ ಸೂಜಿಗಳ ಹಾಗೆ ಎದ್ದು ಬಿದ್ದವು. ಅಂಥವನ್ನು ನಾವು ತೆಗೆದು ಹಾಕುತ್ತೇವೆ. ಹತ್ತು ನಿಮಿಷದಲ್ಲಿ ಒಂಬತ್ತು ನಿಮಿಷ ಇರುವ ಸದ್ದನ್ನೇ ಊರಿನ ಸದ್ದು ಎನ್ನುತ್ತೇವೆ. ಆ ಸೂಜಿಗಳು ಮುಗಿದ ಮೇಲೆ, ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರವರೆಗೆ, ಸ್ಕೇಲು ಇಟ್ಟು ಎಳೆದಂಥ ಗೆರೆ. ಐದು ರಾತ್ರಿಯೂ. ಸ್ವರಗಳನ್ನು ಬಿಡಿಸಿ ಬರೆದ ಪಟ್ಟಿಯಲ್ಲಿ ಆ ಎಂಜಿನ್ನಿನ ಬಡಿತ ಅಂಕಿಗಳಾಗಿ ಇತ್ತು. ಹದಿನೈದು ವರ್ಷದವನಿದ್ದಾಗ ಅಪ್ಪ ಅದರ ಮೇಲೆ ನನ್ನನ್ನು ಕೂರಿಸಿಕೊಂಡಿದ್ದ. ಏನೂ ಕೇಳಿಸದ ನನಗೆ ಆ ಹಾಳೆಯ ಮೇಲೆ ಅದು ಕೇಳಿಸಿತು. ಅರ್ಧ ಗಂಟೆ ನಾನು ಬೇರೇನೂ ಓದಲಿಲ್ಲ.

ನಿಯಮ ಸರಳ. ಮೊದಲೇ ಎಷ್ಟು ಸದ್ದಿದೆ ನೋಡಿ, ಅದಕ್ಕಿಂತ ಎಷ್ಟು ಹೆಚ್ಚಾಗುತ್ತದೆ ಎಂದು ತೂಗುತ್ತಾರೆ. ಊರು ಮೌನವಾಗಿದ್ದಷ್ಟೂ ಕಂಪನಿಗೆ ಕಷ್ಟ. ಪೆಟ್ಟಿಗೆಯ ಮುಂದೆ ಉಸಿರು ಬಿಗಿಹಿಡಿದು ಕೂರಬೇಕಿತ್ತು ನೀವು. ಅದರ ಬದಲು ಅವರಿಗೆ ಬೇಕಾದದ್ದನ್ನು ನೀನೇ ಬೇಯಿಸಿ ಬಡಿಸಿದೆ.

ಇದನ್ನು ನಾನು ಜೂನಿನಲ್ಲಿಯೇ ಒಂದು ವಾಕ್ಯದಲ್ಲಿ ಬರೆಯಬಹುದಿತ್ತು. ಆಗಲೇ ಆ ಕೆಲಸ ನಮ್ಮ ಕಚೇರಿಗೆ ಬರುವ ಮಾತಿತ್ತು. ಒಂದು ಪಕ್ಷಕ್ಕೆ ಸಲಹೆ ಕೊಟ್ಟ ಹಾಗಾಗುತ್ತದೆ ಎಂದು ಬರೆಯಲಿಲ್ಲ. ಆಗಸ್ಟಿನಲ್ಲಿ ಕಾಗದಗಳು ನನ್ನ ಮೇಜಿಗೆ ಬಂದಾಗ ಇದು ನನ್ನ ತಂಗಿಯ ಮನೆ ಎಂದು ಹೇಳಿ ಎದ್ದು ಬಿಡಬಹುದಿತ್ತು. ಎದ್ದಿದ್ದರೆ, ಕಿವುಡನಿಗೆ ಯಾಕೆ ಸುಮ್ಮನೆ ಕುರ್ಚಿ ಕೊಟ್ಟಿದ್ದೇವೆ ಎಂದು ಅವರು ಇನ್ನೊಮ್ಮೆ ಯೋಚಿಸುತ್ತಿದ್ದರು. ವಾರಕ್ಕೆರಡು ದಿನ ನಾನು ಮನೆಯಿಂದ ಹೊರಗೆ ಹೋಗಲು ಇರುವ ಕಾರಣ ಆ ಕುರ್ಚಿಯೊಂದೇ. ಟ್ರ್ಯಾಕ್ಟರ್ ಓಡುತ್ತದೆಯೆ ಎಂದು ನಿನ್ನನ್ನು ಕೇಳಿದೆ. ಹೌದು, ಐದು ರಾತ್ರಿ ಬೇಕೆಂದೇ ಓಡಿಸಿದೆ ಎಂದು ನೀನು ಬರೆದಿದ್ದರೆ ನಾನು ಏನಾದರೂ ಮಾಡಬೇಕಾಗುತ್ತಿತ್ತು. 'ಓಡುತ್ತದೆ, ಯಾಕೆ' ಎಂದು ಬರೆದೆ. ಹೊಲದ ಕೆಲಸ ಇರಬಹುದು ಎಂದು ನಂಬಲು ಅಷ್ಟು ಸಾಕಾಯಿತು.

ನನಗೆ ಸಿಟ್ಟು ಬರುವುದಿಲ್ಲ ಎಂದೆಯಲ್ಲ. ಬಂದಿದೆ. ಯಾರ ಮೇಲೆ ಎಂದು ತೀರ್ಮಾನಿಸಲು ಆಗುತ್ತಿಲ್ಲ.

ಜೆರಾರ್ಡ್


ಥಾರ್ನ್‌ಬಿ ಮಾಸ್
20 ಜನವರಿ 2015

ಜೆರಾರ್ಡ್,

ತೀರ್ಮಾನ ಆಮೇಲೆ ಮಾಡು. ಎಂಟು ದಿನ ಉಳಿದಿದೆ.

ನಾನು ತಪ್ಪು ಮಾಡಿದೆ. ಮಾಡಿದೆ ಮಾಡಿದೆ ಮಾಡಿದೆ. ಸಾಕೇ? ಡೀಸೆಲ್ ಮುಗಿದಾಗ ಎದ್ದು ಹೋಗಿ ತುಂಬಿ ಬಂದವಳು ನಾನು. ಆಸ್ಟಿನ್‌ಗೂ ನಿನ್ನೆ ಹೇಳಿದೆ. ಅವನು ಗೊಬ್ಬರದ ಪಂಪು ಓಡುತ್ತಿದೆ ಅಂದುಕೊಂಡಿದ್ದನಂತೆ. ಆಮೇಲೆ, "ಆ ಟ್ರ್ಯಾಕ್ಟರ್‌ಗೆ ಆಯಿಲ್ ಆದ್ರೂ ನೋಡಿದ್ಯಾ?" ಅಂದ.

ನೋರೀನಳಿಗೂ ಹೇಳಿದೆ. ಸಮಿತಿಯ ಮುಂದೆ ಇದನ್ನು ಹೇಳಿಬಿಡುತ್ತೇನೆ ಅಂದೆ. ಅವಳ ಮುಖ ಹಾಲು ಒಡೆದ ಹಾಗಾಯಿತು.

"ಬಾಯಿ ಮುಚ್ಕೊಂಡು ಕೂತ್ಕೋ ಹೆಸ್ಟರ್. ವಿರೋಧಿಗಳೇ ಅಳತೆ ಕೆಡಿಸಿದ್ರು ಅಂತ ಅವರ ಲಾಯರ್ ಎದ್ದು ನಿಂತ್ರೆ, ನಾವು ಹೇಳಿದ್ದೆಲ್ಲಾ ಸುಳ್ಳು ಅಂತಾಗತ್ತೆ. ನಾನೂರ ಹನ್ನೆರಡು ಜನರ ಮಾನ ಹರಾಜು ಹಾಕ್ತೀಯಾ?"

"ಒಂದೇ ಆಕ್ಷೇಪಣೆ ಅಂತ ಬರ್ಕೊಂಡಿದ್ದಾರಲ್ಲ ನೋರೀನ್, ಒಂದೇ ಮಾನ ಹೋಗೋದು," ಅಂದೆ.

"ತಮಾಷೆ ಮಾಡ್ತೀಯಾ? ಹೇಳಿ ನೋಡು. ಈ ಊರಲ್ಲಿ ನಿನ್ನ ಹತ್ರ ಯಾರೂ ಮಾತಾಡಲ್ಲ."

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ನಿನ್ನನ್ನು ಜನ್ಮದಲ್ಲಿ ಏನೂ ಕೇಳಿಲ್ಲ. ಅಮ್ಮನನ್ನು ಆರು ವರ್ಷ ನಾನೊಬ್ಬಳೇ ನೋಡಿದಾಗಲೂ ಕೇಳಲಿಲ್ಲ. ಕೌಂಟಿಗೆ ಒಂದು ಕಾಗದ ಬರೆ. ಮೂರನೆಯ ಜಾಗ ನನ್ನ ತಂಗಿಯ ಮನೆ, ಆ ಗೆರೆ ಎಂಜಿನ್ನಿನದು, ನನ್ನ ಪರಿಶೀಲನೆಯನ್ನು ವಾಪಸು ತೆಗೆದುಕೊಳ್ಳುತ್ತೇನೆ ಅಂತ. ಮೂರು ಸಾಲು. ಪರಿಶೀಲನೆ ಮಾಡಿದವನೇ ಹೇಳಿದರೆ ಅವರು ಮತ್ತೆ ಅಳೆಯಲೇಬೇಕು. ನಾನು ಬಾಯಿ ತೆರೆಯುವುದೇ ಬೇಡ. ನೀನು ಹೇಳಿದರೆ ಅದು ತಿದ್ದುಪಡಿ ಆಗುತ್ತದೆ, ನಾನು ಹೇಳಿದರೆ ಮೋಸ ಆಗುತ್ತದೆ.

ಇಪ್ಪತ್ತೇಳರೊಳಗೆ ಅವರಿಗೆ ತಲುಪಬೇಕು.

ಹೆಸ್ಟರ್


ಥಾರ್ನ್‌ಬಿ ಮಾಸ್
29 ಜನವರಿ 2015

ಜೆರಾರ್ಡ್,

ಇಪ್ಪತ್ತೇಳರ ಸಂಜೆ ಐದಕ್ಕೆ ಕೌಂಟಿಗೆ ಫೋನ್ ಮಾಡಿದೆ. ಅಬರ್ಡೀನಿನಿಂದ ಏನೂ ಬಂದಿಲ್ಲ ಅಂದರು. ನನಗೂ ಏನೂ ಬಂದಿರಲಿಲ್ಲ.

ನಿನ್ನೆ ಸಭೆ. ಹದಿನಾಲ್ಕು ಜನ ಕೌನ್ಸಿಲರುಗಳು ಕುದುರೆ ಲಾಳದ ಆಕಾರದ ಮೇಜಿನ ಸುತ್ತ. ನಮಗೆ ತಲಾ ನಾಲ್ಕು ನಿಮಿಷ, ಮುಂದೆ ಹಸಿರು ಹಳದಿ ಕೆಂಪು ದೀಪ. ನೋರೀನ್ ನೀರಿನ ಬಗ್ಗೆ ಮಾತಾಡಿದಳು, ಅದು ಬೇರೆ ಇಲಾಖೆ ಅಂದರು. ಇನ್ನೊಬ್ಬ ಭೂಕಂಪದ ಬಗ್ಗೆ ಮಾತಾಡಿದ, ಅದೂ ಬೇರೆ ಇಲಾಖೆ. ನೀನು ಹೇಳಿದ ಹಾಗೆಯೇ. ಆಮೇಲೆ ನನ್ನ ಹೆಸರು ಕರೆದರು. ನಾನು ಬರೆದುಕೊಂಡು ಹೋದ ಹಾಳೆ ತೆರೆಯಲೇ ಇಲ್ಲ.

"ನಾನು ಹೆಸ್ಟರ್ ಸ್ವಾರ್‌ಬ್ರಿಕ್. ನಿಮ್ಮ ಕಾಗದದಲ್ಲಿ ಮೂರನೇ ಅಳತೆ ಜಾಗ ಅಂತಿದೆಯಲ್ಲ, ಅದು ನಮ್ಮನೆ. ಆ ನಲವತ್ತೊಂದು ಅನ್ನೋದು ನಮ್ಮೂರಿನ ಸದ್ದಲ್ಲ. ಅಲ್ಲಿ ನಾನು ಐದು ರಾತ್ರಿ ಟ್ರ್ಯಾಕ್ಟರ್ ಚಾಲೂ ಮಾಡಿ ಬಿಟ್ಟಿದ್ದೆ. ಬೇಕಂತಲೇ ಬಿಟ್ಟಿದ್ದೆ."

ಅಧ್ಯಕ್ಷರು ಕನ್ನಡಕ ತೆಗೆದರು. "ಯಾಕಮ್ಮಾ?"

"ಸಿಟ್ಟು ಬಂದಿತ್ತು ಸರ್."

ಹಿಂದೆ ಗ್ಯಾಲರಿಯಲ್ಲಿ ಯಾರೋ ನಕ್ಕರು. ಕಂಪನಿಯ ಲಾಯರ್ ಎದ್ದ. "ಅಂದ್ರೆ ಮೇಡಂ, ಆಗ ನೀವು ಮೋಸ ಮಾಡಿದ್ರಿ ಅಂತ ಒಪ್ಕೋತೀರಿ. ಈಗ ನಿಜ ಹೇಳ್ತಿದ್ದೀರಿ ಅಂತ ನಾವು ಹೇಗೆ ನಂಬೋದು?"

"ನಂಬಬೇಡಿ. ಬಂದು ಮತ್ತೆ ಅಳೀರಿ," ಅಂದೆ. ದೀಪ ಇನ್ನೂ ಹಸಿರಿತ್ತು. ಎರಡು ನಿಮಿಷ ಉಳಿದಿತ್ತು, ಹೇಳಲು ಏನೂ ಉಳಿದಿರಲಿಲ್ಲ. ಬಂದು ಕೂತೆ. ಪಕ್ಕದಲ್ಲಿದ್ದ ನೋರೀನ್ ಎದ್ದು ಬೇರೆ ಕುರ್ಚಿಗೆ ಹೋದಳು.

ಒಂದು ಗಂಟೆ ಗುಸುಗುಸು ಮಾಡಿ ಅವರು ತೀರ್ಮಾನಿಸಿದ್ದು ಇದು. ಮತ್ತೆ ಐದು ರಾತ್ರಿ ಅಳತೆ, ಕೌಂಟಿಯ ಆಳು ದಿನಕ್ಕೆರಡು ಸಲ ಬಂದು ನೋಡಿಕೊಂಡು ಹೋಗಬೇಕು. ರಾತ್ರಿಯ ಅಂಕಿ ಮೂವತ್ತೆರಡಕ್ಕಿಂತ, ಅಂದರೆ ಗೋಪುರದ ಅಂಕಿಗಿಂತ ಹತ್ತು ಕಡಿಮೆ, ಅದಕ್ಕಿಂತ ಕೆಳಗೆ ಬಂದರೆ ಅರ್ಜಿ ತಿರಸ್ಕಾರ. ಇನ್ನೊಂದು ಸಭೆ ಇಲ್ಲ. ಮೂವತ್ತೆರಡು ಅಥವಾ ಅದಕ್ಕೂ ಮೇಲಾದರೆ ಒಪ್ಪಿಗೆ.

ವಾಪಸು ಬರಲು ಊರಿನವರ ಬಸ್ಸಿನಲ್ಲಿ ನನಗೆ ಜಾಗ ಇರಲಿಲ್ಲ. ಅಂದರೆ ಜಾಗ ಇತ್ತು. ಆಸ್ಟಿನ್ ಹಾಲಿನ ವ್ಯಾನ್ ತಂದ. ಇವತ್ತು ಅಂಗಡಿಯಲ್ಲಿ ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟರು. ಕೌಂಟಿಯ ಪತ್ರಿಕೆಯಲ್ಲಿ ನನ್ನ ಫೋಟೋ ಬಂದಿದೆ, ಬಾಯಿ ಅರ್ಧ ತೆರೆದದ್ದು.

ನೀನು ಮೂರು ಸಾಲು ಬರೆದಿದ್ದರೆ ಸಾಕಿತ್ತು.

ಹೆಸ್ಟರ್


ಅಬರ್ಡೀನ್
2 ಫೆಬ್ರವರಿ 2015

ಪ್ರಿಯ ಹೆಸ್ಟರ್,

ನಾನು ಕೌಂಟಿಗೆ ಇಪ್ಪತ್ನಾಲ್ಕಕ್ಕೇ ಬರೆದಿದ್ದೆ. ಅಂಚೆಯಲ್ಲಿ ಎಲ್ಲೋ ತಡವಾಗಿರಬೇಕು, ಇಲ್ಲಿ ಹಿಮ ಬಿದ್ದಿತ್ತು. ನೀನು ಅಷ್ಟು ದೂರ ಹೋಗಬೇಕಾಗಿರಲಿಲ್ಲ ಎಂದು ಸಂಕಟವಾಗುತ್ತಿದೆ. ಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ನೋಡಿದೆ. ಫೋಟೋದಲ್ಲಿ ನೀನು ಅಮ್ಮನ ಹಾಗೆ ಕಾಣುತ್ತೀಯ.

ಕಚೇರಿಯವರು ಇನ್ನು ಬರುವುದು ಬೇಡ ಎಂದಿದ್ದಾರೆ. ಬಹಳ ಮರ್ಯಾದೆಯಿಂದ ಹೇಳಿದರು, ನನಗೆ ತಿಳಿಯಲಿ ಎಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರು. ಈಗ ಬೆಳಿಗ್ಗೆ ಎದ್ದು ಕೋಟು ಹಾಕಿಕೊಂಡು, ಎಲ್ಲಿಗೆ ಎಂದು ಯೋಚಿಸಿ, ಮತ್ತೆ ತೆಗೆದಿಡುತ್ತೇನೆ. ಮನುಷ್ಯ ತಾನು ಹೇಡಿ ಎಂದು ಯಾವಾಗ ತಿಳಿದುಕೊಳ್ಳುತ್ತಾನೆ? ನನ್ನ ಅನುಭವದಲ್ಲಿ, ಬಹಳ ಮೊದಲೇ. ತಿಳಿದ ಮೇಲೆ ಅದರ ಸುತ್ತ ಒಂದು ಶಿಸ್ತು ಕಟ್ಟಿಕೊಳ್ಳುತ್ತಾನೆ. ಹೊರಗಿನಿಂದ ನೋಡುವವರಿಗೆ ಅದು ಪ್ರಾಮಾಣಿಕತೆಯ ಹಾಗೆಯೇ ಕಾಣುತ್ತದೆ.

ಅಳತೆಯ ದಿನಗಳಲ್ಲಿ ಮಾಡಬೇಕಾದದ್ದು: ಹಾಲು ತಣಿಸುವ ಯಂತ್ರವನ್ನು ರಾತ್ರಿ ಹತ್ತರ ಮೊದಲೇ ನಿಲ್ಲಿಸಿ. ಕೊಟ್ಟಿಗೆಯ ಫ್ಯಾನು ಬೇಡ. ಗಾಳಿ ಹೆಚ್ಚಿದ್ದ ರಾತ್ರಿಯನ್ನು ಬಿಟ್ಟು ಬೇರೆ ರಾತ್ರಿ ಸೇರಿಸಬೇಕೆಂದು ಕೇಳು. ಹಸುಗಳು ಸದ್ದು ಮಾಡದ ಹಾಗೆ ನೋಡಿಕೋ.

ನಿನ್ನ,
ಜೆರಾರ್ಡ್


ಥಾರ್ನ್‌ಬಿ ಮಾಸ್
1 ಮಾರ್ಚ್ 2015, ಭಾನುವಾರ

ಜೆರಾರ್ಡ್,

ಮೊದಲು ಇದನ್ನು ಮುಗಿಸುತ್ತೇನೆ. ಕೌಂಟಿಯ ಫೈಲನ್ನು ಯಾರು ಬೇಕಾದರೂ ಕೇಳಿ ಓದಬಹುದು. ನಾನು ಕೇಳಿದೆ. ನಿನ್ನ ಕಾಗದದ ತಲೆಯ ಮೇಲೆ 24 ಜನವರಿ ಅಂತಲೇ ಇದೆ. ಆದರೆ ಅದೇ ಕೌಂಟರಿನ ಹುಡುಗಿ ಬಹಳ ಅಚ್ಚುಕಟ್ಟು, ಲಕೋಟೆಯನ್ನೂ ಸೇರಿಸಿ ಪಿನ್ ಹಾಕಿದ್ದಾಳೆ. ಅಬರ್ಡೀನಿನ ಅಂಚೆ ಮುದ್ರೆ 29. ಸಭೆಯ ಮರುದಿನ. ನನ್ನ ಫೋಟೋ ಬಂದ ದಿನ.

ಬರೆದದ್ದು ಇಪ್ಪತ್ನಾಲ್ಕಕ್ಕೇ ಇರಬಹುದು. ಐದು ದಿನ ಕೋಟಿನ ಜೇಬಿನಲ್ಲಿ ಇತ್ತು, ಅಲ್ಲವೆ? ನಾನು ಹೇಳುತ್ತೇನೋ ಇಲ್ಲವೋ ನೋಡೋಣ ಅಂತ. ನಾನು ಹೇಳಿದ ಮೇಲೆ ನಿನ್ನದು ಹೇಗೂ ಹೊರಬರುತ್ತಿತ್ತು, ಆಗ ಹಾಕಿದೆ. ಹಿಮದ ಮೇಲೆ ಹಾಕಬೇಡ. ನಿನ್ನ ಹೇಡಿತನದ ಬಗ್ಗೆ ನೀನು ಚಂದದ ಸಾಲು ಬರೆದಿದ್ದೀಯ. ನನಗೆ ಆ ಸಾಲು ಬೇಕಿರಲಿಲ್ಲ, ಅಂಚೆ ಮುದ್ರೆ ಬೇಕಿತ್ತು.

ಇನ್ನು ಅಳತೆ. ಶನಿವಾರ ಇಪ್ಪತ್ತೊಂದಕ್ಕೆ ಪೆಟ್ಟಿಗೆ ಇಟ್ಟರು, ಗುರುವಾರ ತೆಗೆದರು. ಅದೇ ಬರ್ನ್‌ಲಿಯವನು, ಈ ಸಲ ಟೀ ಬೇಡ ಅಂದ. ಊರು ಸುಮ್ಮನಿತ್ತು. ನನ್ನ ಮೇಲಿನ ಪ್ರೀತಿಗಲ್ಲ. ಭಾನುವಾರ ಚರ್ಚಿನ ಗಂಟೆ ಹೊಡೆಯಲಿಲ್ಲ. ಪಬ್ಬಿನವರು ಎಂಟಕ್ಕೇ ಬಾಗಿಲು ಹಾಕಿದರು. ರಿಗ್ಬಿಯೊಬ್ಬ ನಾಯಿ ಕಟ್ಟಿ ಬೊಗಳಿಸುತ್ತಿದ್ದ, ಎರಡನೆಯ ದಿನ ನೋರೀನ್ ಹೋಗಿ ಅವನ ಬಾಗಿಲಲ್ಲಿ ಏನು ಹೇಳಿದಳೋ, ನಾಯಿ ಅಂದೇ ಅವನ ಅತ್ತೆಯ ಮನೆಗೆ ಹೋಯಿತು. ನನ್ನ ಜೊತೆ ಯಾರೂ ಮಾತಾಡುವುದಿಲ್ಲವಾದ್ದರಿಂದ ನಮ್ಮ ಅಂಗಳದಲ್ಲಿ ಮೌನ ಇನ್ನೂ ಸುಲಭವಾಯಿತು.

ತೊಂದರೆ ಬಂದದ್ದು ನೀನು ಕೊನೆಯಲ್ಲಿ ಒಂದು ಸಾಲಿನಲ್ಲಿ ಬರೆದದ್ದರಿಂದ. ಹಸುಗಳು. ಆ ವಾರ ಐದು ಹಸುಗಳು ಈದವು. ನಿನಗೆ ನೆನಪಿದೆಯೋ ಇಲ್ಲವೋ, ಹುಟ್ಟಿದ ದಿನವೇ ಕರುವನ್ನು ಬೇರೆ ಮಾಡುತ್ತೇವೆ. ಒಂದು ದಿನ ತಾಯಿ ಕೂಗುತ್ತದೆ, ಮುಗಿಯಿತು. ಒಂದು ದಿನದ ಕೂಗೂ ನಮಗೆ ಬೇಡವಾಗಿತ್ತು. ಆಸ್ಟಿನ್ ಅಂದ, "ಬಿಡು, ಜೊತೆಗೇ ಇರ್ಲಿ. ಹಾಲು ಹೋದ್ರೆ ಹೋಗ್ಲಿ." ಬಿಟ್ಟೆವು. ಐದು ದಿನ ಕರುಗಳು ತಾಯಿಯ ಜೊತೆ ಹುಲ್ಲಿನ ಮೇಲೆ. ತಾಯಿಗಳು ಅವನ್ನು ನೆಕ್ಕುತ್ತ, ಮೂಗು ಒತ್ತಿಕೊಂಡು ಮಲಗುತ್ತ, ಒಂದು ಸದ್ದಿಲ್ಲ. ನಲವತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ. ನೋಡಬಾರದಿತ್ತು.

ಗುರುವಾರ ಮಧ್ಯಾಹ್ನ ಆ ಹುಡುಗ ಪೆಟ್ಟಿಗೆಯನ್ನು ಬಿಚ್ಚಿ ವ್ಯಾನಿನಲ್ಲಿ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಕೌಂಟಿಯ ಆಳು ಪಕ್ಕದಲ್ಲಿ ನಿಂತಿದ್ದ. ಹುಡುಗ ಎರಡು ಸಲ ನೋಡಿದ.

"ಇಪ್ಪತ್ತೇಳು," ಅಂದ. "ಇಂಥದ್ದು ನಾನು ಎಲ್ಲೂ ನೋಡಿಲ್ಲ ಆಂಟಿ."

ಕೌಂಟಿಯವನು ಬರೆದುಕೊಂಡು ನನ್ನ ಕೈ ಕುಲುಕಿದ. ತಿರಸ್ಕಾರದ ಕಾಗದ ಇನ್ನೆರಡು ವಾರಕ್ಕೆ ಬರುತ್ತದೆ. ಕಂಪನಿಯವರು ಲಂಡನ್ನಿಗೆ ಅಪೀಲು ಹೋಗುತ್ತಾರೆ ಅಂತಲೂ ಅಂದ. ಹೋಗಲಿ. ಇಪ್ಪತ್ತೇಳನ್ನು ಹೊತ್ತುಕೊಂಡು ಹೋಗಲಿ.

ವ್ಯಾನು ಗೇಟು ದಾಟಿದ ಮೇಲೆ ನಾವು ಕರುಗಳನ್ನು ಬೇರೆ ಮಾಡಿದೆವು. ಇವತ್ತು ನಾಲ್ಕನೆಯ ದಿನ. ಐದೂ ತಾಯಿಗಳು ಬೇಲಿಗೆ ಎದೆ ಒತ್ತಿ ನಿಂತಿವೆ. ಮೇಯುವುದಿಲ್ಲ. ಒಂದು ನಿಲ್ಲಿಸಿದರೆ ಇನ್ನೊಂದು ಹಿಡಿಯುತ್ತದೆ. ಒಂದು ದಿನದ ಕರುವನ್ನು ಕಳೆದುಕೊಂಡದ್ದರ ಕೂಗು ಬೇರೆ, ಇದು ಬೇರೆ. ಆ ಗೋಪುರ ಬಂದಿದ್ದರೂ ಇಷ್ಟು ಸದ್ದು ಇರುತ್ತಿರಲಿಲ್ಲ. ಆಸ್ಟಿನ್ ಕಿವಿಗೆ ಹತ್ತಿ ಇಟ್ಟುಕೊಂಡು ಹಾಲು ಕರೆಯುತ್ತಿದ್ದಾನೆ. ನಾನು ಇಟ್ಟುಕೊಂಡಿಲ್ಲ.

ಈಗ ಅರ್ಧ ಗಂಟೆಯ ಹಿಂದೆ ನೋರೀನ್ ಬಂದಿದ್ದಳು. ಒಂದು ತಿಂಗಳ ನಂತರ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಇದು.

"ಅವುಗಳ ಬಾಯಿ ಮುಚ್ಚಿಸ್ತೀಯೋ ಇಲ್ವೋ? ಊರಲ್ಲಿ ಯಾರಿಗೂ ನಿದ್ದೆ ಇಲ್ಲ."

"ಇನ್ನೆರಡು ದಿನ ನೋರೀನ್," ಅಂದೆ. "ಆಮೇಲೆ ಅವೇ ಮರೆತ್ಬಿಡ್ತವೆ."

ಅವಳು ಹೋದಳು. ನಲವತ್ತು ವರ್ಷದಿಂದ ಕೇಳಿದವರಿಗೆಲ್ಲ ನಾನು ಹೀಗೆಯೇ ಹೇಳುತ್ತ ಬಂದಿದ್ದೇನೆ. ಮರೆಯುತ್ತವೆಯೋ, ಬರೀ ಸುಮ್ಮನಾಗುತ್ತವೆಯೋ, ನನಗೆ ಗೊತ್ತಿಲ್ಲ.

ಹೆಸ್ಟರ್